ಫಲಕ ಬಂತು, ಆಮೇಲೆ?

ಮುಂದಿನ ಸಲ ಊರಿನ ಗ್ರಾಮ ಪಂಚಾಯಿತಿ ಕಚೇರಿಗೆ ಹೋದಾಗ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಗಾಂಧೀಜಿಯವರ ಚಿತ್ರದ ಆಸುಪಾಸಿನಲ್ಲಿ ನೈರ್ಮಲ್ಯಕ್ಕಾಗಿ ಬಂದ ಒಂದು ಪ್ರಶಸ್ತಿ ಪತ್ರವೋ ಫಲಕವೋ ಇರಬಹುದು. ಇದ್ದರೆ ಅದರ ಮೇಲಿನ ಇಸವಿಯನ್ನು ಓದಿಕೊಂಡು ಹೊರಗೆ ಬನ್ನಿ. ಊರ ಚರಂಡಿ, ಕೆರೆ ಏರಿ, ಸಂತೆ ಮಾಳ ಇವುಗಳನ್ನು ನೋಡಿ. ಫಲಕಕ್ಕೂ ಬೀದಿಗೂ ಹೊಂದಿಕೆಯಾದರೆ ನೀವು ಪುಣ್ಯವಂತರು. ಆಗದಿದ್ದರೆ ತಪ್ಪೆಲ್ಲ ಊರಿನವರದೇ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಪ್ರಶಸ್ತಿ ಕೊಟ್ಟ ರೀತಿಯಲ್ಲೂ ಕೊರತೆ ಇದ್ದಿರಬಹುದು. ಜನರೇ ಒಟ್ಟುಗೂಡಿ ಕಸ ತೆಗೆದಾಗ, ಮರ ಬೆಳೆಸಿದಾಗ ಅವರಿಗೆ ಸಲ್ಲುವ ಮನ್ನಣೆ ಎಂಥದ್ದಿರಬೇಕು ಎಂಬುದೇ ನಮ್ಮ ಇಂದಿನ ವಿಷಯ.

ಇದಕ್ಕೆ ನೆರೆಯ ಮಹಾರಾಷ್ಟ್ರದಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿ ಗಾಡಗೆ ಬಾಬಾ ಎಂಬ ಸಂತರಿದ್ದರು (1876-1956). ಊರಿಗೆ ಕಾಲಿಟ್ಟೊಡನೆ ಪೊರಕೆ ಹಿಡಿದು ಬೀದಿ ಗುಡಿಸುವುದು, ಸಂಜೆ ಅದೇ ಊರಿನಲ್ಲಿ ಕೀರ್ತನೆ ಮಾಡುವುದು ಅವರ ಪದ್ಧತಿ. ಅವರ ಹೆಸರಿನಲ್ಲಿ ಮಹಾರಾಷ್ಟ್ರ ಸರ್ಕಾರ 2000-01ರಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನವನ್ನು ಆರಂಭಿಸಿತು. ಊರೂರುಗಳ ನಡುವೆ ಶುಚಿತ್ವದ ಸ್ಪರ್ಧೆ. ಮೊದಲು ತಾಲ್ಲೂಕು ಮಟ್ಟ, ಆಮೇಲೆ ಜಿಲ್ಲೆ, ಕೊನೆಗೆ ರಾಜ್ಯ. ಜನ ಶ್ರಮದಾನ ಮಾಡಿ, ವಂತಿಗೆ ಎತ್ತಿ ಊರನ್ನು ಚೊಕ್ಕಟಗೊಳಿಸಬೇಕು. ಬಹುಮಾನದ ಮಾತು ಆಮೇಲಿನದು. ಪಕ್ಕದ ಊರಿಗೆ ಬಂದ ಬಹುಮಾನ ನಮ್ಮೂರಿಗೆ ಬರಲಿಲ್ಲವಲ್ಲ ಎಂಬ ಛಲ ಎಷ್ಟು ಕೆಲಸ ಮಾಡಿಸಬಲ್ಲದು ಎಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಜಾತ್ರೆಯ ತೇರು ಎಳೆಯುವಾಗ ಅದನ್ನು ನಾವೆಲ್ಲ ಕಂಡವರೇ.

ಕೇಂದ್ರ ಸರ್ಕಾರವೂ 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರವನ್ನು ಘೋಷಿಸಿತು. ಮನೆ, ಶಾಲೆ, ಅಂಗನವಾಡಿಗಳಲ್ಲೆಲ್ಲ ಶೌಚಾಲಯ ಇರಬೇಕು, ಬಯಲಿಗೆ ಹೋಗುವುದು ಪೂರ್ತಿ ನಿಂತಿರಬೇಕು, ಊರು ಶುಚಿಯಾಗಿರಬೇಕು ಎಂಬವು ಷರತ್ತುಗಳು. ಗ್ರಾಮ ಪಂಚಾಯಿತಿಗಳಿಗೆ ಜನಸಂಖ್ಯೆಗೆ ತಕ್ಕಂತೆ 50,000 ರೂಪಾಯಿಯಿಂದ 5 ಲಕ್ಷದವರೆಗೆ ಬಹುಮಾನ. 2005ರಲ್ಲಿ ಮೊದಲ ಪುರಸ್ಕಾರಗಳನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ದೆಹಲಿಯಲ್ಲಿ ಪ್ರದಾನ ಮಾಡಿದರು. ಊರಿನ ಚರಂಡಿಯ ಕೆಲಸಕ್ಕಾಗಿ ಪಂಚಾಯಿತಿ ಅಧ್ಯಕ್ಷರು ರಾಷ್ಟ್ರಪತಿಗಳ ಮುಂದೆ ನಿಲ್ಲುವುದೆಂದರೆ ಸಣ್ಣ ಮಾತೇ? ಆ ವರ್ಷ ಬೆರಳೆಣಿಕೆಯ ಪಂಚಾಯಿತಿಗಳಿಗೆ ದೊರೆತ ಪುರಸ್ಕಾರ ಕೆಲವೇ ವರ್ಷಗಳಲ್ಲಿ ಸಾವಿರಾರು ಪಂಚಾಯಿತಿಗಳಿಗೆ ದೊರೆಯಿತು.

ತೊಡಕು ಅಲ್ಲಿಂದಲೇ ಶುರುವಾಯಿತು. ಮುಂದೆ ನಡೆದ ಪರಿಶೀಲನೆಗಳಲ್ಲಿ, ಪುರಸ್ಕಾರ ಪಡೆದ ಎಷ್ಟೋ ಊರುಗಳಲ್ಲಿ ಜನ ಮತ್ತೆ ಬಯಲಿನತ್ತ ತಿರುಗಿದ್ದು ಕಂಡುಬಂತು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೊಳಾಯಿಯಲ್ಲಿ ನೀರಿಲ್ಲದಿದ್ದರೆ ಶೌಚಾಲಯ ಸೌದೆ ಒಟ್ಟುವ ಕೋಣೆಯಾಗುತ್ತದೆ. ಗುಂಡಿ ತುಂಬಿದಾಗ ಏನು ಮಾಡಬೇಕೆಂದು ಹೇಳುವವರು ಇರುವುದಿಲ್ಲ. ತಪಾಸಣೆಗೆ ಬಂದವರು ಒಮ್ಮೆ ನೋಡಿ ಹೋದರೆ, ಊರೂ ಆ ಒಂದು ದಿನಕ್ಕಾಗಿ ಸಿಂಗಾರಗೊಳ್ಳುತ್ತದೆ. ಒಂದೇ ಬಾರಿ ಕೊಟ್ಟು ಕೈತೊಳೆದುಕೊಳ್ಳುವ ಬಹುಮಾನಕ್ಕೂ ದಿನ ಬೆಳಗಾದರೆ ಹುಟ್ಟುವ ಕಸಕ್ಕೂ ಎಲ್ಲಿಯ ಜೋಡಿ?

ಇನ್ನೊಂದು ಬಗೆಯ ಮನ್ನಣೆ ಇದೆ. ಅದಕ್ಕೆ ಶಾಲು, ಹಾರಗಳು ಬೇಕಾಗಿಲ್ಲ. ಪುಣೆಯಲ್ಲಿ ಕಾಗದ, ಗಾಜು, ಚಿಂದಿ ಆಯುವವರು 1993ರಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. 1996ರಲ್ಲಿ ಅವರ ಭಾವಚಿತ್ರವಿರುವ ಗುರುತಿನ ಚೀಟಿಗೆ ನಗರಪಾಲಿಕೆ ಒಪ್ಪಿಗೆಯ ಮೊಹರು ಒತ್ತಿತು. 2008ರಲ್ಲಿ ಆ ಕೆಲಸಗಾರರದೇ ಸಹಕಾರ ಸಂಘ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಕ್ಕೆ ಇಳಿಯಿತು. ಬೆಂಗಳೂರಿನಲ್ಲೂ 2011ರಿಂದೀಚೆಗೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಹಲವು ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಹೊಣೆ ಅವರಲ್ಲೇ ಕೆಲವರಿಗೆ ಬಂತು. ಗುರುತಿನ ಚೀಟಿ ಎಂದರೆ ಅಂಗೈಯಗಲದ ರಟ್ಟು, ನಿಜ. ಆದರೆ ನಸುಕಿನಲ್ಲಿ ಗೋಣಿಚೀಲ ಹೊತ್ತು ಬೀದಿಯಲ್ಲಿ ನಡೆಯುವ ಹೆಂಗಸನ್ನು 'ಯಾರು ನೀನು, ಇಲ್ಲೇನು ಕೆಲಸ' ಎಂದು ತಡೆದಾಗ ತೋರಿಸಲು ಅವಳ ಬಳಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ಹಾಗಾದರೆ ವೇದಿಕೆಯ ಮೇಲಿನ ಸನ್ಮಾನ ಬರಿಯ ಆಡಂಬರವೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯ ಎರಡೂ ಬದಿಗೆ ಗಂಡ ಚಿಕ್ಕಯ್ಯನವರೊಡನೆ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದವರು. 1995ರಲ್ಲಿ ಅವರಿಗೆ ರಾಷ್ಟ್ರೀಯ ನಾಗರಿಕ ಪ್ರಶಸ್ತಿ ಬಂತು, 2019ರಲ್ಲಿ ಪದ್ಮಶ್ರೀ. ಅದೇ 2019ರಲ್ಲಿ ರಸ್ತೆ ಅಗಲೀಕರಣದ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂತು. ತಿಮ್ಮಕ್ಕ ನೇರವಾಗಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೆ ಮರಗಳನ್ನು ಉಳಿಸಿಕೊಡಿ ಎಂದು ಮನವಿ ಮಾಡಿದರು. ಬೇರೆ ದಾರಿ ಹುಡುಕುವ ಭರವಸೆ ಸರ್ಕಾರದಿಂದ ದೊರೆಯಿತು. ಪ್ರಶಸ್ತಿಯಿಂದ ಅವರ ಮಾತಿಗೆ ಬಂದಿದ್ದ ತೂಕ ಅಂದು ಮರಗಳ ಪಾಲಿಗೆ ಒದಗಿತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಆದರೆ ಹೆಸರಿಲ್ಲದ ಹತ್ತು ಜನ ಸೇರಿ ಬೆಳೆಸಿದ ತೋಪಿಗೆ ಇಂಥ ಗಂಡಾಂತರ ಬಂದರೆ ಅವರ ಮಾತನ್ನು ಕೇಳುವವರಾರು?

ಆದ್ದರಿಂದ, ಓದುಗರೇ, ನಿಮ್ಮ ಓಣಿಯ ಯುವಕ ಸಂಘವೋ ಮಹಿಳಾ ಸಂಘವೋ ಇಂಥ ಕೆಲಸಕ್ಕೆ ಕೈಹಾಕಿದ್ದರೆ ಪ್ರಶಸ್ತಿಗೆ ಅರ್ಜಿ ಹಾಕುವ ಮೊದಲು ಬೇರೆ ಒಂದೆರಡನ್ನು ಕೇಳಿ ಪಡೆಯಿರಿ. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಈಗ ಸ್ವಸಹಾಯ ಸಂಘಗಳ ಒಕ್ಕೂಟಗಳೇ ಪಂಚಾಯಿತಿಯೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ಕಸ ವಿಲೇವಾರಿ ನಡೆಸುತ್ತಿವೆ. ಸ್ವಚ್ಛ ವಾಹಿನಿಯ ಚಾಲಕ ಸೀಟಿನಲ್ಲಿ ಹೆಂಗಸರು ಕುಳಿತಿರುವುದನ್ನು ನೀವೂ ಕಂಡಿರಬಹುದು. ಅಂಥ ಒಪ್ಪಂದ ನಿಮ್ಮ ಸಂಘಕ್ಕೂ ಬೇಕೆಂದು ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಠರಾವು ಬರೆಸಿ. ಒಣ ಕಸ, ಹಸಿ ಕಸ ಬೇರ್ಪಡಿಸಲು ಜಾಗ ಎಲ್ಲಿ, ಮನೆಗೆ ತಿಂಗಳಿಗೆ ಎಷ್ಟು ಶುಲ್ಕ, ದುಡಿಯುವವರಿಗೆ ಎಷ್ಟು ಸಂಬಳ, ಗಾಡಿ ಕೆಟ್ಟರೆ ರಿಪೇರಿ ಯಾರ ಖರ್ಚು ಎಂಬುದೆಲ್ಲ ಅದರಲ್ಲಿರಲಿ. ದಿನಕ್ಕೆ ಎಷ್ಟು ಕಿಲೋ ಕಸ ಬಂತು, ಎಷ್ಟು ಗೊಬ್ಬರವಾಯಿತು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಗಿಡ ನೆಟ್ಟವರಾದರೆ, ನೆಟ್ಟ ಲೆಕ್ಕಕ್ಕಿಂತ ಮೂರನೆಯ ಬೇಸಿಗೆ ದಾಟಿ ಉಳಿದ ಲೆಕ್ಕವನ್ನು ಬರೆಯಿರಿ. ಆರು ತಿಂಗಳಿಗೊಮ್ಮೆ ಬಂದು ನೋಡಬೇಕಾದವರು ಯಾರು ಎಂಬುದನ್ನು ಠರಾವಿನಲ್ಲಿ ಹುದ್ದೆಯ ಸಮೇತ ನಮೂದಿಸಿ, ನಕಲಿನ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಆ ನಕಲು ಸಂಘದ ಪೆಟ್ಟಿಗೆಯಲ್ಲಿರಲಿ.