ಮನೆ ಬಿಯರಿಗೆ ಕಹಿ ಹಾಪ್ಸಿನ ಆಯ್ಕೆ

ಕೃಷಿ ಮೇಳವೊಂದರಲ್ಲಿ ಹಾಸನದ ಕಡೆಯ ರೈತರೊಬ್ಬರು ನಮ್ಮ ಮಳಿಗೆಗೆ ಬಂದು ಒಂದು ಅಪರೂಪದ ಪ್ರಶ್ನೆ ಕೇಳಿದರು. "ಸಾರ್, ನನ್ನ ಮಗ ಅಮೆರಿಕದಲ್ಲವ್ನೆ. ಮನೇಲೇ ಬಿಯರ್ ಮಾಡಿದ್ನಂತೆ. ಪುಸ್ತಕದಲ್ಲಿ ಹೇಳಿದಷ್ಟೇ ತೂಕ ಹಾಕಿದ್ರೂ ಬೇವಿನ ಕಷಾಯ ಆಗೋಯ್ತಂತೆ. ಅದಕ್ಕೆ ಹಾಕೋದು ಯಾವುದೋ ಬಳ್ಳಿ ಹೂವಂತೆ. ಬೆಳೆ ವಿಷಯ ತಾನೆ, ನಿಮಗೆ ಗೊತ್ತಿರಬೇಕಲ್ಲ?"

ವಿಚಾರಿಸಿದಾಗ ಸಂಗತಿ ತಿಳಿಯಿತು. ಪುಸ್ತಕದಲ್ಲಿ ಶೇಕಡಾ 5 ಆಲ್ಫಾ ಆಮ್ಲವಿರುವ ಹಾಪ್ಸ್ 48 ಗ್ರಾಂ ಹಾಕಲು ಹೇಳಿತ್ತು. ಅಂಗಡಿಯಲ್ಲಿ ಆ ತಳಿ ಸಿಗದೆ, ಮಗ ಶೇಕಡಾ 14 ಇರುವ ಬೇರೊಂದು ತಳಿಯನ್ನು ತಂದು ಅದನ್ನೂ 48 ಗ್ರಾಂ ಹಾಕಿದ್ದ. 20 ಲೀಟರ್ ಬಿಯರ್ ಚರಂಡಿ ಪಾಲಾಯಿತು. ಈ ತಪ್ಪು ಹೇಗಾಯಿತು, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೇ ಒಂದು ಮಾತು. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸಲು ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕಾನೂನು 1979ರ ಫೆಬ್ರವರಿಯಿಂದ ಇದಕ್ಕೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಹಾಗಲ್ಲ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದುದರಿಂದ ಈ ಲೇಖನವನ್ನು ಹೊರದೇಶದಲ್ಲಿರುವ ನಿಮ್ಮ ಮಕ್ಕಳಿಗೆ ತಿಳಿಸಲು ಹಾಗೂ ಒಂದು ಹೊಸ ಬೆಳೆಯ ಪರಿಚಯಕ್ಕೆ ಬಳಸಿಕೊಳ್ಳಿ, ಮನೆಯಲ್ಲಿ ಪ್ರಯೋಗಿಸಬೇಡಿ.

ಹಾಪ್ಸ್ ಎಂದರೇನು?

ಹಾಪ್ಸ್ ಒಂದು ಬಹುವಾರ್ಷಿಕ ಬಳ್ಳಿ. ಇದರ ಸಸ್ಯಶಾಸ್ತ್ರೀಯ ಹೆಸರು ಹ್ಯೂಮುಲಸ್ ಲ್ಯೂಪುಲಸ್. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಳಕೆಗೆ ಬರುವುದು ಹೆಣ್ಣು ಬಳ್ಳಿಯ ಹೂತೆನೆ. ಅದರ ಎಸಳುಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಅಂಟಿಕೊಂಡಿರುತ್ತದೆ. ಹಾಪ್ಸಿನ ಬೆಲೆಯೆಲ್ಲ ಈ ಪುಡಿಯಲ್ಲಿದೆ. ಇದರಲ್ಲಿರುವ ಆಲ್ಫಾ ಆಮ್ಲಗಳು ಕಹಿಯನ್ನೂ, ಎಣ್ಣೆಗಳು ಪರಿಮಳವನ್ನೂ ಕೊಡುತ್ತವೆ.

ಬಾರ್ಲಿ ಮಾಲ್ಟಿನಿಂದ ತೆಗೆದ ಸಿಹಿ ರಸದಲ್ಲಿ ಹಾಪ್ಸನ್ನು ಕುದಿಸಿದಾಗ ಆಲ್ಫಾ ಆಮ್ಲಗಳು ರೂಪ ಬದಲಿಸಿ ರಸದಲ್ಲಿ ಕರಗುತ್ತವೆ. ಇದಕ್ಕೆ ಸುಮಾರು ಒಂದು ಗಂಟೆ ಕುದಿಸಬೇಕು. 15 ನಿಮಿಷ ಮಾತ್ರ ಕುದಿಸಿದರೆ ಕಹಿ ಅರ್ಧದಷ್ಟೇ ಇಳಿಯುತ್ತದೆ. ಆದರೆ ಅದೇ ಒಂದು ಗಂಟೆಯಲ್ಲಿ ಪರಿಮಳದ ಎಣ್ಣೆಗಳು ಬಹುಪಾಲು ಆವಿಯಾಗಿ ಹೋಗುತ್ತವೆ. ಒಗ್ಗರಣೆಗೆ ಹಾಕಿದ ಕರಿಬೇವಿನ ಘಮ ಗಂಟೆಗಟ್ಟಲೆ ಕುದಿಸಿದ ಸಾರಿನಲ್ಲಿ ಉಳಿಯದಷ್ಟೇ ಇದು ಸಹಜ. ಹೀಗಾಗಿ ಕಹಿಗೆ ಬೇಕಾದ ಹಾಪ್ಸನ್ನು ಕುದಿಯ ಆರಂಭದಲ್ಲೂ, ಪರಿಮಳಕ್ಕೆ ಬೇಕಾದುದನ್ನು ಕೊನೆಯಲ್ಲೂ ಹಾಕುತ್ತಾರೆ. ಪರಿಮಳಕ್ಕೆಂದೇ ಹೆಸರಾದ ದುಬಾರಿ ತಳಿಯನ್ನು ಕುದಿಯ ಆರಂಭದಲ್ಲಿ ಹಾಕಿದರೆ ಕೊಟ್ಟ ಹಣದ ಬಹುಭಾಗ ಹೊಗೆಯಾದಂತೆ.

ಗೊಬ್ಬರದ ಲೆಕ್ಕವೇ ಇಲ್ಲಿಯೂ

ನೀವು ಗೊಬ್ಬರ ಕೊಳ್ಳುವಾಗ ಚೀಲದ ತೂಕ ನೋಡಿ ಸುಮ್ಮನಾಗುವುದಿಲ್ಲ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿದ್ದರೆ ಅಮೋನಿಯಂ ಸಲ್ಫೇಟಿನಲ್ಲಿ ಸುಮಾರು ಶೇಕಡಾ 20 ಮಾತ್ರ. ಒಂದರ ಬದಲು ಇನ್ನೊಂದನ್ನು ಅಷ್ಟೇ ತೂಕದಲ್ಲಿ ಹಾಕಿದರೆ ಬೆಳೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಾಪ್ಸಿನಲ್ಲಿ ಆಲ್ಫಾ ಆಮ್ಲವೇ ಸಾರಜನಕವಿದ್ದಂತೆ. ಪೊಟ್ಟಣದ ಮೇಲೆ ಅದರ ಶೇಕಡಾವಾರು ಪ್ರಮಾಣವನ್ನು ಮುದ್ರಿಸಿರುತ್ತಾರೆ. ತಳಿಯ ಹೆಸರಿಗಿಂತ ಮೊದಲು ಓದಬೇಕಾದುದು ಈ ಅಂಕಿಯನ್ನು.

ಬಿಯರಿನ ಕಹಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕಹಿ ಅಂಶ ಎಂದು ಅಳೆಯುತ್ತಾರೆ. ಒಂದು ಮಿಲಿಗ್ರಾಂ ಎಂದರೆ ಸ್ಥೂಲವಾಗಿ ಒಂದು ಕಹಿ ಮಾನ. ಸೌಮ್ಯವಾದ ಅಮೆರಿಕದ ಬಿಯರಿನಲ್ಲಿ ಇದು 10ರ ಆಸುಪಾಸಿನಲ್ಲಿರುತ್ತದೆ. ಇಂಗ್ಲೆಂಡಿನ ಸಾಧಾರಣ ಕಹಿ ಬಿಯರಿನಲ್ಲಿ 25ರಿಂದ 40ರವರೆಗೆ ಇರುತ್ತದೆ. ಹಾಕಿದ ಆಲ್ಫಾ ಆಮ್ಲವೆಲ್ಲ ಬಿಯರಿಗೆ ಇಳಿಯುವುದಿಲ್ಲ. ಒಂದು ಗಂಟೆ ಕುದಿಸಿದಾಗ ಸುಮಾರು ಕಾಲು ಭಾಗ ಇಳಿಯುತ್ತದೆಂದು ಇಟ್ಟುಕೊಳ್ಳಬಹುದು. ರಸ ಗಟ್ಟಿಯಾಗಿದ್ದರೆ ಇನ್ನೂ ಕಡಿಮೆ.

ಉದಾಹರಣೆಗೆ, 20 ಲೀಟರ್ ಬಿಯರಿಗೆ 30 ಮಾನದ ಕಹಿ ಬೇಕೆನ್ನೋಣ. 20 × 30 = 600 ಮಿಲಿಗ್ರಾಂ ಕಹಿ ಅಂಶ ಬಿಯರಿನಲ್ಲಿ ಇರಬೇಕು. ಕಾಲು ಭಾಗ ಮಾತ್ರ ಇಳಿಯುವುದರಿಂದ ಅದರ ನಾಲ್ಕು ಪಟ್ಟು, ಅಂದರೆ 2.4 ಗ್ರಾಂ ಆಲ್ಫಾ ಆಮ್ಲ ಹಾಕಬೇಕು. ಇದಕ್ಕೆ ಶೇಕಡಾ 5ರ ಹಾಪ್ಸ್ 48 ಗ್ರಾಂ, ಶೇಕಡಾ 12ರ ಹಾಪ್ಸ್ 20 ಗ್ರಾಂ, ಶೇಕಡಾ 14ರ ಹಾಪ್ಸ್ 17 ಗ್ರಾಂ ಸಾಕು. ಹಾಸನದ ರೈತರ ಮಗ 17ರ ಬದಲು 48 ಗ್ರಾಂ ಹಾಕಿದ್ದರಿಂದ ಕಹಿ 84 ಮಾನಕ್ಕೇರಿತು!

ತಳಿ ಬದಲಿಸುವಾಗ ಈ ಸುಲಭ ಸೂತ್ರ ನೆನಪಿರಲಿ: ಹಳೆಯ ತೂಕವನ್ನು ಹಳೆಯ ಶೇಕಡಾವಾರಿನಿಂದ ಗುಣಿಸಿ, ಹೊಸ ಶೇಕಡಾವಾರಿನಿಂದ ಭಾಗಿಸಿ.

ತಳಿಗಳು

ಸಾಮಾನ್ಯವಾಗಿ ದೊರೆಯುವ ಕೆಲವು ತಳಿಗಳ ಆಲ್ಫಾ ಆಮ್ಲದ ಪ್ರಮಾಣ ಸ್ಥೂಲವಾಗಿ ಹೀಗಿದೆ (ಶೇಕಡಾ):

ಸಾಟ್ಸ್ (ಚೆಕ್ ದೇಶ): 3 – 4.5
ಫಗಲ್ (ಇಂಗ್ಲೆಂಡ್): 4 – 5.5
ಈಸ್ಟ್ ಕೆಂಟ್ ಗೋಲ್ಡಿಂಗ್ (ಇಂಗ್ಲೆಂಡ್): 4 – 6
ಕ್ಲಸ್ಟರ್ (ಅಮೆರಿಕ): 5.5 – 9
ನಾರ್ದರ್ನ್ ಬ್ರೂವರ್ (ಇಂಗ್ಲೆಂಡ್): 7 – 10
ಮ್ಯಾಗ್ನಮ್ (ಜರ್ಮನಿ): 11 – 16
ಕೊಲಂಬಸ್ (ಅಮೆರಿಕ): 14 – 18

ಒಂದೇ ತಳಿಯಲ್ಲೂ ಹವೆ ಮತ್ತು ಕೊಯ್ಲಿಗೆ ತಕ್ಕಂತೆ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದುದರಿಂದ ಪಟ್ಟಿಯನ್ನು ನಂಬದೆ ಪೊಟ್ಟಣವನ್ನು ನೋಡಬೇಕು.

ಅಧಿಕ ಕಹಿಯ ತಳಿಗಳು ಬಂದ ಬಗೆ ನಮ್ಮ ರೈತರಿಗೆ ಹೊಸದೆನಿಸಲಾರದು. ಇಂಗ್ಲೆಂಡಿನ ವೈ ಕಾಲೇಜಿನ ಪ್ರೊಫೆಸರ್ ಸಾಲ್ಮನ್ ಅವರು ಕೆನಡಾದ ಮ್ಯಾನಿಟೋಬಾದಿಂದ ತರಿಸಿದ ಕಾಡು ಹಾಪ್ಸ್ ಬಳ್ಳಿಯ ಬೀಜದಿಂದ ಬ್ರೂವರ್ಸ್ ಗೋಲ್ಡ್ ಎಂಬ ತಳಿಯನ್ನು ಆಯ್ದು 1934ರಲ್ಲಿ ಬಿಡುಗಡೆ ಮಾಡಿದರು. ಮುಂದಿನ ಅನೇಕ ಅಧಿಕ ಆಲ್ಫಾ ತಳಿಗಳಲ್ಲಿ ಈ ಕಾಡು ಬಳ್ಳಿಯ ಅಂಶವಿದೆ. ಕೊಯಮತ್ತೂರಿನಲ್ಲಿ ಕಾಡು ಕಬ್ಬಿನೊಡನೆ ಸಂಕರ ಮಾಡಿ ಉತ್ತಮ ಕಬ್ಬಿನ ತಳಿಗಳನ್ನು ಪಡೆದುದೂ ಇದೇ ದಾರಿಯಲ್ಲಿ.

ಹಾಗಾದರೆ ಯಾವುದನ್ನು ಆರಿಸಬೇಕು? ಮನೆ ಬಳಕೆಗೆ ಶೇಕಡಾ 10ರಿಂದ 14ರವರೆಗಿನ ತಳಿ ಅನುಕೂಲ. ಮ್ಯಾಗ್ನಮ್ ಹದವಾದ, ನಯವಾದ ಕಹಿಗೆ ಹೆಸರಾಗಿದೆ. ಕಡಿಮೆ ಆಲ್ಫಾ ತಳಿ ಬಳಸಿದರೆ ಹೆಚ್ಚು ಸೊಪ್ಪು ಬೀಳುತ್ತದೆ. ಅದು ರಸವನ್ನು ಹೀರಿಕೊಂಡು ಬಿಯರ್ ಕಡಿಮೆಯಾಗುತ್ತದೆ, ಒಗರೂ ಸೇರಬಹುದು. ಅತಿ ಹೆಚ್ಚಿನ ಆಲ್ಫಾ ತಳಿಯಲ್ಲಿ ತೂಕದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಶೇಕಡಾ 16ರ ಹಾಪ್ಸ್ 5 ಗ್ರಾಂ ಹೆಚ್ಚಾದರೆ 20 ಲೀಟರಿನಲ್ಲಿ ಕಹಿ 10 ಮಾನ ಏರುತ್ತದೆ. ಗ್ರಾಂ ತೂಗುವ ತಕ್ಕಡಿ ಇಲ್ಲದವರು ಅಂಥ ತಳಿಯ ಗೋಜಿಗೆ ಹೋಗಬಾರದು. ಇಂಗ್ಲೆಂಡಿನ ಸಾಂಪ್ರದಾಯಿಕ ರುಚಿಯೇ ಬೇಕೆನ್ನುವವರು ಗೋಲ್ಡಿಂಗ್ ಬಳಸಲಿ, ಆದರೆ ಲೆಕ್ಕ ಮಾಡಿ ಬಳಸಲಿ.

ಬೆಲೆಯನ್ನೂ ಇದೇ ರೀತಿ ತೂಗಿ ನೋಡಿ. ಶೇಕಡಾ 5ರ 100 ಗ್ರಾಂ ಪೊಟ್ಟಣದಲ್ಲಿ 5 ಗ್ರಾಂ ಆಲ್ಫಾ ಇದ್ದರೆ ಶೇಕಡಾ 14ರ ಪೊಟ್ಟಣದಲ್ಲಿ 14 ಗ್ರಾಂ ಇರುತ್ತದೆ. ಎರಡನೆಯದರ ಬೆಲೆ ಮೊದಲನೆಯದರ 2.8 ಪಟ್ಟಿಗಿಂತ ಕಡಿಮೆಯಿದ್ದರೆ ಕಹಿಗೆ ಅದೇ ಅಗ್ಗ.

ಹಳೆಯ ದಾಸ್ತಾನು ಬೇಡ

ಬಿತ್ತನೆ ಬೀಜದಂತೆ ಹಾಪ್ಸ್ ಕೂಡ ಇಟ್ಟಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ, ಶಾಖ, ಬೆಳಕು ಇದರ ಶತ್ರುಗಳು. ಕ್ಲಸ್ಟರ್ ತಳಿ ಚೆನ್ನಾಗಿ ಬಾಳುತ್ತದೆ. ಕೊಲಂಬಸ್ ಬೇಗ ಕೆಡುತ್ತದೆ. ಕೊಯ್ಲಿನ ವರ್ಷ ನಮೂದಿಸಿರುವ, ಗಾಳಿ ತೆಗೆದು ಮುಚ್ಚಿದ ಪೊಟ್ಟಣವನ್ನೇ ಕೊಂಡು ಫ್ರೀಜರಿನಲ್ಲಿಡಬೇಕು. ಹಳೆಯ ಚೀಸಿನ ವಾಸನೆ ಬಂದರೆ ಅದು ಹಳಸಿದೆ ಎಂದು ತಿಳಿಯಿರಿ. ಹಾಪ್ಸ್ ಸುರಿದ ಕೂಡಲೆ ರಸ ಹಾಲಿನಂತೆ ಉಕ್ಕುವುದರಿಂದ ಪಾತ್ರೆಯ ಬಳಿಯೇ ನಿಂತಿರಬೇಕು. ಕುದಿಸಿದ ಚರಟವನ್ನು ನಾಯಿಗಳಿಗೆ ಸಿಗದಂತೆ ವಿಲೇವಾರಿ ಮಾಡಬೇಕು. ಹಾಪ್ಸ್ ತಿಂದ ನಾಯಿಗಳಿಗೆ ಮೈಶಾಖ ವಿಪರೀತ ಏರಿ ಪ್ರಾಣಕ್ಕೇ ಅಪಾಯವಾಗುತ್ತದೆ.

ನಮ್ಮಲ್ಲಿ ಬೆಳೆಯಬಹುದೆ?

ಹಾಸನದ ರೈತರ ಎರಡನೆಯ ಪ್ರಶ್ನೆ ಇದೇ ಆಗಿತ್ತು: "ಕಾಫಿ ಪಕ್ಕ ಒಂದೆಕರೆ ಹಾಕ್ಲಾ, ಸಾರ್?" ಬೇಡವೆಂದೆ. ಹಾಪ್ಸ್ ಮುಖ್ಯವಾಗಿ 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವಿನ ಬೆಳೆ. ಅದಕ್ಕೆ ಬೇಸಿಗೆಯಲ್ಲಿ ದೀರ್ಘ ಹಗಲೂ, ಬೇರು ನಿದ್ರಿಸಲು ಕೊರೆಯುವ ಚಳಿಗಾಲವೂ ಬೇಕು. ನಮ್ಮ ರಾಜ್ಯದ ಅತಿ ದೀರ್ಘ ಹಗಲೂ ಸುಮಾರು 13 ಗಂಟೆ ಮಾತ್ರ. ಇಷ್ಟು ಚಿಕ್ಕ ಹಗಲಿನಲ್ಲಿ ಬಳ್ಳಿ ಎತ್ತರಕ್ಕೆ ಬೆಳೆಯುವ ಮೊದಲೇ ಹೂಬಿಟ್ಟು ಇಳುವರಿ ಕುಂದುತ್ತದೆ. ಭಾರತದಲ್ಲಿ ಇದನ್ನು ಬೆಳೆದಿರುವುದು ಹಿಮ ಬೀಳುವ ಲಾಹೌಲ್ ಕಣಿವೆಯಂಥ ಕಡೆಗಳಲ್ಲಿ. ಮೇಲಾಗಿ ಬಳ್ಳಿಗೆ ಐದಾರು ಮೀಟರ್ ಎತ್ತರದ ಕಂಬ, ತಂತಿಗಳ ಚಪ್ಪರವೂ ಬೇಕು. ಅಷ್ಟು ಹಣ ಹೂಡಿ ಕೈ ಸುಟ್ಟುಕೊಳ್ಳಬೇಡಿ.

ಆ ರೈತರಿಗೆ ಒಂದು ಚೀಟಿಯಲ್ಲಿ "48 × 5 ÷ 14 = 17 ಗ್ರಾಂ" ಎಂದು ಬರೆದುಕೊಟ್ಟೆ. ಅವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, "ಇಷ್ಟೇನಾ ಸಾರ್, ನಮ್ಮ ಯೂರಿಯಾ ಲೆಕ್ಕ!" ಎಂದರು. ಇಷ್ಟೇ.