ದಾಸೋಹ ಸೇವೆಗೆ ಮೊಬೈಲಿನ ನೆರವು

ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು ತಮ್ಮ ಮನೆಯನ್ನೇ ಮಾರಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ತಾಡವೋಲೆಗಳ ಕಟ್ಟಿನಲ್ಲಿ ಅಡಗಿದ್ದ ಶರಣರ ನುಡಿ ಮನೆಮನೆಗೆ ತಲುಪಬೇಕಾದರೆ ಅಚ್ಚಿನ ಯಂತ್ರವೇ ಸಾಧನವೆಂಬುದನ್ನು ಅವರು ಮನಗಂಡಿದ್ದರು. ಇಂದು ಅಂಥದೇ ಸಾಧನವೊಂದು ಮೊಬೈಲಿನ ರೂಪದಲ್ಲಿ ನಮ್ಮೆಲ್ಲರ ಅಂಗೈಯಲ್ಲಿದೆ. ಪ್ರಸಾದ ನಿಲಯ, ಅಕ್ಕನ ಬಳಗ, ವಿದ್ಯಾರ್ಥಿ ನಿಧಿ, ಟ್ರಸ್ಟುಗಳನ್ನು ನಡೆಸುವ ನಾವು ಅದನ್ನು ಸಮಾಜದ ಹಿತಕ್ಕೆ ಬಳಸುತ್ತಿದ್ದೇವೆಯೇ, ಅಥವಾ ಶುಭೋದಯದ ಚಿತ್ರಗಳನ್ನು ಹಂಚುವುದರಲ್ಲಿಯೇ ತೃಪ್ತರಾಗಿದ್ದೇವೆಯೇ ಎಂಬುದನ್ನು ವಿಚಾರಿಸಬೇಕಾಗಿದೆ.

ಉದ್ದೇಶ ಮೊದಲು, ಸಾಧನ ಆಮೇಲೆ

ಯಾರಿಗೆ ಏನನ್ನು ತಿಳಿಸಬೇಕೆಂಬುದನ್ನು ಆಡಳಿತ ಮಂಡಳಿಯು ಮೊದಲು ನಿರ್ಧರಿಸಬೇಕು. ಪರಿಚಿತ ಸದಸ್ಯರಿಗೆ ಸಭೆಯ ಸೂಚನೆ ಕಳುಹಿಸಲು ವಾಟ್ಸ್‌ಆ್ಯಪ್ ಬಳಗ ಸಾಕು. ದೂರದ ಊರುಗಳಲ್ಲಿ, ಪರದೇಶಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಪ್ರವಚನವನ್ನು ತಲುಪಿಸಲು ಯೂಟ್ಯೂಬ್ ಸೂಕ್ತ. ನಿರ್ವಾಹಕರು ಮಾತ್ರ ಸಂದೇಶ ಕಳುಹಿಸುವಂತೆ ಬಳಗವನ್ನು ಅಳವಡಿಸಿದರೆ, ಮುಖ್ಯ ಸೂಚನೆಗಳು ನೂರು ಹಾರೈಕೆಗಳ ನಡುವೆ ಕಳೆದುಹೋಗುವುದಿಲ್ಲ. ಈ ಎಲ್ಲ ಖಾತೆಗಳು ಒಬ್ಬ ಉತ್ಸಾಹಿ ತರುಣನ ಸ್ವಂತ ಸಂಖ್ಯೆಯಲ್ಲಿರದೆ ಸಂಸ್ಥೆಯ ಸಂಖ್ಯೆಯಲ್ಲಿರಬೇಕು; ಗುಪ್ತಪದವು ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರಬೇಕು. ಇಲ್ಲವಾದರೆ ಆ ತರುಣನು ಉದ್ಯೋಗಕ್ಕೆಂದು ಬೇರೆ ಊರಿಗೆ ಹೋದೊಡನೆ ಸಂಸ್ಥೆಯ ಸಂಪರ್ಕವೇ ಕಡಿದುಹೋಗುತ್ತದೆ.

ಹಣದ ವಿಷಯದಲ್ಲಿ ಶುದ್ಧಿ

2016ರಲ್ಲಿ ಯುಪಿಐ ಬಂದ ಮೇಲೆ ಹತ್ತು ರೂಪಾಯಿಯ ಕಾಣಿಕೆಯನ್ನೂ ಮನೆಯಿಂದಲೇ ಸಲ್ಲಿಸುವುದು ಸಾಧ್ಯವಾಗಿದೆ. ಆದರೆ ಖಾತೆಯು ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ಹಣ ಕಳುಹಿಸುವವರು ತೆರೆಯ ಮೇಲೆ ಮೂಡುವ ಹೆಸರನ್ನು ಓದಿದ ನಂತರವೇ ಮುಂದುವರಿಯಬೇಕು. ಗೋಡೆಗೆ ಅಂಟಿಸಿದ ಕ್ಯೂಆರ್ ಸಂಕೇತದ ಮೇಲೆ ವಂಚಕರು ಬೇರೊಂದನ್ನು ಅಂಟಿಸುವ ಸಂಭವವಿರುವುದರಿಂದ ಅದನ್ನು ಆಗಾಗ ಪರೀಕ್ಷಿಸಬೇಕು. ಹಣ ಪಡೆಯಲು ಪಿನ್ ಸಂಖ್ಯೆ ಎಂದಿಗೂ ಬೇಕಾಗದೆಂಬುದನ್ನು ಖಜಾಂಚಿಗಳು ನೆನಪಿಡಬೇಕು. ಎರಡು ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ದೊರೆಯುವುದಿಲ್ಲ. ಪರದೇಶದ ದೇಣಿಗೆಗೆ ಪ್ರತ್ಯೇಕ ಕಾನೂನಿನ ಅನುಮತಿ ಅವಶ್ಯ. 2020ರ ತಿದ್ದುಪಡಿಯ ಮೇರೆಗೆ ಆ ಹಣವು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಬರಬೇಕು.

ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಚೆಲ್ಲಿ ಬರುವಂತೆ ಲಕ್ಕಮ್ಮನು ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಎಷ್ಟು ಬೇಕು, ಯಾವುದಕ್ಕೆ ಬೇಕು ಎಂಬುದನ್ನು ಮೊದಲೇ ತಿಳಿಸಿ, ಅಷ್ಟು ಕೂಡಿದೊಡನೆ ‘ಸಾಕು’ ಎಂದು ಪ್ರಕಟಿಸಿ, ಖರ್ಚಿನ ಲೆಕ್ಕವನ್ನು ಅದೇ ಬಳಗದಲ್ಲಿ ಒಪ್ಪಿಸುವ ಸಂಸ್ಥೆಯ ಮೇಲೆ ಜನರ ನಂಬಿಕೆ ನೆಲೆಗೊಳ್ಳುತ್ತದೆ.

ಪಡೆಯುವವರ ಮಾನ

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ದಾಸೋಹವು ಭಿಕ್ಷೆಯಲ್ಲ, ಅಲ್ಲಿ ನೀಡುವವನೇ ದಾಸನು. ಹೀಗಿರುವಾಗ ಪುಸ್ತಕ, ಬಟ್ಟೆ ಪಡೆಯುವ ಬಡ ವಿದ್ಯಾರ್ಥಿಯನ್ನು ದಾನಿಗಳ ನಡುವೆ ನಿಲ್ಲಿಸಿ, ಭಾವಚಿತ್ರ ತೆಗೆದು ಊರೆಲ್ಲ ಹರಡುವುದು ಯಾವ ಧರ್ಮ? ಆ ಮಗು ನಾಳೆ ದೊಡ್ಡ ಹುದ್ದೆಗೇರಿದಾಗಲೂ ಆ ಚಿತ್ರ ಎಲ್ಲಿಯೋ ಉಳಿದಿರುತ್ತದೆ. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳ ಮುಖ, ಹೆಸರು, ಅಂಕಪಟ್ಟಿಗಳನ್ನು ಪ್ರಕಟಿಸಕೂಡದು. ಕಟ್ಟಿದ ಕೊಠಡಿ, ತುಂಬಿದ ಗ್ರಂಥಾಲಯ, ಪ್ರಸಾದದ ಪಂಕ್ತಿಗೆ ಅಣಿಯಾದ ಅಡುಗೆಮನೆ, ಇವುಗಳ ಚಿತ್ರವೇ ದಾನಿಗಳಿಗೆ ಸಾಕ್ಷಿಯಾಗಬಲ್ಲದು.

ವಚನಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಬಸವಣ್ಣನವರ ಹೆಸರಿನಲ್ಲಿ ಯಾರೋ ಬರೆದ ಸಾಲುಗಳು ಮೊಬೈಲಿನಲ್ಲಿ ಹರಿದಾಡುವುದುಂಟು. ಅಂಕಿತವನ್ನು ನೋಡಿ, ರಾಜ್ಯ ಸರ್ಕಾರವು ಪ್ರಕಟಿಸಿದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಾಗಲಿ, ಅಂತರ್ಜಾಲದ ‘ವಚನ ಸಂಚಯ’ದಲ್ಲಾಗಲಿ ಪರಿಶೀಲಿಸಿದ ಮೇಲೆಯೇ ಮುಂದಕ್ಕೆ ಕಳುಹಿಸೋಣ. ವದಂತಿಗಳ ಹಾವಳಿಯಿಂದಾಗಿ 2018ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ಹಾಕಬೇಕಾಯಿತು.

ಯಾರೂ ಹೊರಗುಳಿಯದಿರಲಿ

ಸ್ಮಾರ್ಟ್‌ಫೋನು ಇಲ್ಲದ ಹಿರಿಯರು, ಕೂಲಿಕಾರರು, ಓದುಬಾರದ ತಾಯಂದಿರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ವಿದ್ಯಾರ್ಥಿವೇತನದ ಪ್ರಕಟಣೆ ಮೊಬೈಲಿನಲ್ಲಿ ಮಾತ್ರ ಬಂದರೆ, ಅದು ಯಾರಿಗೆ ಅತ್ಯಗತ್ಯವೋ ಅವರಿಗೇ ತಲುಪದು. ಮಠದ ಸೂಚನಾ ಫಲಕ, ಸಾದಾ ಫೋನಿನ ಕರೆ, ಧ್ವನಿ ಸಂದೇಶ, ಮನೆಮನೆಯ ಭೇಟಿ, ಇವು ಎಂದಿನಂತೆ ಮುಂದುವರಿಯಲಿ.

ಎಷ್ಟು ಜನ ಮೆಚ್ಚಿದರೆಂಬ ಸಂಖ್ಯೆಯಿಂದ ಸೇವೆಯನ್ನು ಅಳೆಯಲಾಗದು. ನಮ್ಮ ಸಂದೇಶದಿಂದ ಎಷ್ಟು ಮಕ್ಕಳಿಗೆ ನಿಲಯದಲ್ಲಿ ಸ್ಥಳ ದೊರೆಯಿತು, ಎಷ್ಟು ರೋಗಿಗಳಿಗೆ ಸಕಾಲದಲ್ಲಿ ರಕ್ತ ಒದಗಿತು ಎಂಬುದೇ ಅದರ ಅಳತೆ. ಕೈಯಲ್ಲಿರುವ ಯಂತ್ರ ಕಾಯಕಕ್ಕೆ ಒದಗಲಿ, ದಾಸೋಹಕ್ಕೆ ಸಲ್ಲಲಿ.