ಡೈ ಕಡೆಯುವ ಮುನ್ನ ಲೆಕ್ಕ: ತಗಡಿನ ಬಿಡಿಭಾಗ ತಯಾರಕರ ಗಮನಕ್ಕೆ

ದಾವಣಗೆರೆ ಮತ್ತು ಹರಿಹರಕ್ಕೆ ಲೋಹದ ಕೆಲಸ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಅನೇಕ ವರ್ಕ್‌ಶಾಪ್‌ಗಳನ್ನು ತಲುಪಿದ್ದವು. ಆ ಕಾರ್ಖಾನೆ ಇಂದು ನಡೆಯುತ್ತಿಲ್ಲವಾದರೂ ಲೋಹವನ್ನು ಅಳೆದು ರೂಪಿಸುವ ಪರಂಪರೆ ಈ ಭಾಗದ ಸ್ವತ್ತು. ಕರೂರು ಕೈಗಾರಿಕಾ ಪ್ರದೇಶದಂತಹ ತಾಣದ ಸಣ್ಣ ಘಟಕಕ್ಕೆ ವಿದ್ಯುತ್ ಪೆಟ್ಟಿಗೆಯ ಬ್ರಾಕೆಟ್, ಅಕ್ಕಿ ಗಿರಣಿ ಯಂತ್ರದ ಕವಚ ಮುಂತಾದ ತಗಡಿನ ಬಿಡಿಭಾಗಗಳ ತಯಾರಿಕೆ ಸಹಜವಾಗಿ ಒಗ್ಗುವ ಉದ್ಯಮವಾಗಿದೆ.

ಈ ಉದ್ಯಮದಲ್ಲಿ ಲಾಭ ನಷ್ಟಗಳೆರಡೂ ಬಹುಮಟ್ಟಿಗೆ ಡೈಯನ್ನು ಅವಲಂಬಿಸಿವೆ. ಡಿ-2 ಉಕ್ಕಿನ ಡೈಯನ್ನು ಶಾಖ ಸಂಸ್ಕರಣೆಯಿಂದ ಸುಮಾರು 58ರಿಂದ 60 ರಾಕ್‌ವೆಲ್ ಗಡಸುತನಕ್ಕೆ ತಂದ ಮೇಲೆ ಅದನ್ನು ತಿದ್ದಲು ಗ್ರೈಂಡಿಂಗ್ ಅಥವಾ ವೈರ್ ಕಟ್ ಯಂತ್ರಗಳೇ ಗತಿ. ಹೆಚ್ಚಾಗಿ ಕಡೆದ ಉಕ್ಕನ್ನು ಮರಳಿ ಸೇರಿಸುವುದಂತೂ ಸುಲಭವಲ್ಲ. ಕ್ಯಾಡ್ ನಕ್ಷೆಯಲ್ಲಿ ಅರ್ಧ ಗಂಟೆಯಲ್ಲಿ ಸರಿಪಡಿಸಬಹುದಾದ ತಪ್ಪು ಡೈಯಲ್ಲಿ ಉಳಿದರೆ ಇಡೀ ಆರ್ಡರಿನ ಲಾಭವನ್ನೇ ನುಂಗಬಲ್ಲದು.

ಬಿಚ್ಚಿದ ಅಳತೆ

ಒಂದು ಉದಾಹರಣೆಯನ್ನು ನೋಡೋಣ. 2 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತಗಡಿನ ಎಲ್ ಆಕಾರದ ಬ್ರಾಕೆಟ್. ಹೊರ ಅಳತೆಯಲ್ಲಿ ಒಂದು ತೋಳು 60 ಮಿ.ಮೀ., ಇನ್ನೊಂದು 40 ಮಿ.ಮೀ., ಅಗಲ 60 ಮಿ.ಮೀ., ಒಳ ತಿರುವಿನ ತ್ರಿಜ್ಯ 2 ಮಿ.ಮೀ. ಎರಡೂ ತೋಳುಗಳನ್ನು ಕೂಡಿಸಿ 100 ಮಿ.ಮೀ. ಉದ್ದದ ತುಂಡನ್ನು ಕತ್ತರಿಸಿದರೆ ಬ್ರಾಕೆಟ್ ದೊಡ್ಡದಾಗುತ್ತದೆ. ತಿರುವಿನಲ್ಲಿ ಹೊರ ಪದರ ಹಿಗ್ಗಿ ಒಳ ಪದರ ಕುಗ್ಗುತ್ತದೆ; ಉದ್ದ ಬದಲಾಗದ ಪದರವೊಂದು ಇವೆರಡರ ನಡುವೆ ಇರುತ್ತದೆ. ಅದರ ಸ್ಥಾನವನ್ನು ಸೂಚಿಸುವ ಕೆ-ಫ್ಯಾಕ್ಟರನ್ನು 0.4 ಎಂದು ಹಿಡಿದರೆ ತಿರುವಿನ ಉದ್ದ ಸುಮಾರು 4.4 ಮಿ.ಮೀ. ನೇರ ಭಾಗಗಳಾದ 56 ಮತ್ತು 36 ಮಿ.ಮೀ.ಗಳನ್ನು ಇದಕ್ಕೆ ಸೇರಿಸಿದಾಗ ಬಿಚ್ಚಿದ ಉದ್ದ 96.4 ಮಿ.ಮೀ. ಆಗುತ್ತದೆ.

ಕ್ಯಾಡ್ ತಂತ್ರಾಂಶ ಈ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಆದರೆ ನಾವು ಕೊಟ್ಟ ಕೆ-ಫ್ಯಾಕ್ಟರನ್ನೇ ಅದು ನಂಬುತ್ತದೆ. ಆದ್ದರಿಂದ ತಾವು ಬಳಸುವ ತಗಡಿನಲ್ಲೇ ಒಂದೆರಡು ತುಂಡುಗಳನ್ನು ಬಾಗಿಸಿ, ಅಳೆದು, ಆ ಅಂಕಿಯನ್ನು ನಿಶ್ಚಯಿಸಿಕೊಳ್ಳುವುದು ಒಳಿತು. ಬಾಗಿಸಿದ ತಗಡು ಒತ್ತಡ ತೆಗೆದೊಡನೆ ತುಸು ಹಿಂದಕ್ಕೆ ತೆರೆದುಕೊಳ್ಳುವ ಪ್ರಮಾಣವೂ, ಅಂದರೆ ಸ್ಪ್ರಿಂಗ್ ಬ್ಯಾಕ್ ಸಹ, ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ತಿರುವಿಗೆ ತೀರ ಸಮೀಪದ ರಂಧ್ರ ಬಾಗಿಸುವಾಗ ಅಂಡಾಕಾರ ತಾಳುತ್ತದೆ. ತಗಡಿನ ದಪ್ಪದ ಎರಡೂವರೆ ಪಟ್ಟಿಗೆ ತಿರುವಿನ ತ್ರಿಜ್ಯವನ್ನು ಕೂಡಿಸಿದಷ್ಟು, ಈ ಉದಾಹರಣೆಯಲ್ಲಿ 7 ಮಿ.ಮೀ., ಅಂತರವಿರಬೇಕೆಂಬುದು ರೂಢಿಯ ನಿಯಮ.

ಪ್ರೆಸ್‌ನ ಸಾಮರ್ಥ್ಯ

ಕತ್ತರಿಸಲು ಬೇಕಾದ ಬಲವೆಂದರೆ ಕತ್ತರಿಸುವ ಅಂಚಿನ ಒಟ್ಟು ಉದ್ದ, ತಗಡಿನ ದಪ್ಪ ಹಾಗೂ ಲೋಹದ ಕತ್ತರಿ ನಿರೋಧ ಇವುಗಳ ಗುಣಲಬ್ಧ. ಮೈಲ್ಡ್ ಸ್ಟೀಲಿಗೆ ಕತ್ತರಿ ನಿರೋಧವನ್ನು ಚದರ ಮಿ.ಮೀ.ಗೆ 350 ನ್ಯೂಟನ್ ಎಂದು ಹಿಡಿದರೆ, ಮೇಲಿನ ಬ್ರಾಕೆಟ್ಟಿನ ಹೊರ ಅಂಚಿಗೆ ಸುಮಾರು 22 ಟನ್ ಬೇಕು. 10 ಮಿ.ಮೀ. ವ್ಯಾಸದ ಎರಡು ರಂಧ್ರಗಳೂ ಅದೇ ಹೊಡೆತದಲ್ಲಿ ಬೀಳಬೇಕಾದರೆ ಅದು ಸುಮಾರು 27 ಟನ್‌ಗೆ ಏರುತ್ತದೆ. ಇದಕ್ಕೆ ಶೇಕಡಾ 25ರಷ್ಟು ಸುರಕ್ಷತೆಯ ಅಂಶವನ್ನು ಸೇರಿಸಿದರೆ 30 ಟನ್ ಪ್ರೆಸ್ ಸಾಲದು; 40 ಟನ್ ಯಂತ್ರವೇ ಬೇಕು. ದರಪಟ್ಟಿ ಕಳುಹಿಸುವ ಮುನ್ನವೇ ಇದು ತಿಳಿದಿರಬೇಕಾದ ವಿಷಯ.

ಇನ್ನೊಂದು ಅಂಶವನ್ನೂ ಮರೆಯುವಂತಿಲ್ಲ. ಕತ್ತರಿಸಿ ಬಿದ್ದ ತುಂಡಿನ ಅಳತೆಯನ್ನು ಡೈ ನಿರ್ಧರಿಸುತ್ತದೆ, ರಂಧ್ರದ ಅಳತೆಯನ್ನು ಪಂಚ್ ನಿರ್ಧರಿಸುತ್ತದೆ. ಇವೆರಡರ ನಡುವೆ ಬಿಡಬೇಕಾದ ಸಂದನ್ನು ಇದಕ್ಕನುಗುಣವಾಗಿ ಎಲ್ಲಿ ಕೊಡಬೇಕೆಂದು ನಕ್ಷೆಯಲ್ಲೇ ತೀರ್ಮಾನಿಸಬೇಕು.

ಡೈ ಯಾವಾಗ ಬೇಕು?

ಎಲ್ಲ ಆರ್ಡರುಗಳಿಗೂ ಡೈ ಅನಿವಾರ್ಯವಲ್ಲ. ಲೆಕ್ಕಕ್ಕಾಗಿ ಡೈಯ ವೆಚ್ಚ 60,000 ರೂಪಾಯಿ, ಲೇಸರ್‌ನಲ್ಲಿ ಕತ್ತರಿಸಿ ಪ್ರೆಸ್ ಬ್ರೇಕ್‌ನಲ್ಲಿ ಬಾಗಿಸಲು ತುಂಡಿಗೆ 22 ರೂಪಾಯಿ, ಡೈಯಿಂದಾದರೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. ತುಂಡಿಗೆ 12 ರೂಪಾಯಿ ಉಳಿತಾಯವಾದರೆ 5,000 ತುಂಡುಗಳ ನಂತರವಷ್ಟೇ ಡೈಯ ಹಣ ಹಿಂತಿರುಗುತ್ತದೆ. ಖಚಿತ ಆರ್ಡರ್ 2,000 ತುಂಡುಗಳಿಗೆ ಮಾತ್ರ ಇದ್ದಲ್ಲಿ ಮುಂದಿನ ಆರ್ಡರಿನ ಭರವಸೆಯ ಮೇಲೆ ಡೈ ಮಾಡಿಸುವುದು ಜೂಜಾದೀತು.

ಆರ್ಡರ್ ದೊಡ್ಡದಾಗಿದ್ದರೂ ಮೊದಲು ಹತ್ತು ತುಂಡುಗಳನ್ನು ಲೇಸರ್‌ನಲ್ಲಿ ಮಾಡಿಸಿ, ಗ್ರಾಹಕರ ಜೋಡಣೆಯಲ್ಲಿ ಕೂರಿಸಿ ನೋಡಿ, ಲಿಖಿತ ಒಪ್ಪಿಗೆ ಪಡೆದ ನಂತರವೇ ಡೈ ಕೆಲಸಕ್ಕೆ ಕೈಹಾಕುವುದು ಜಾಣತನ. ಒಪ್ಪಿಗೆಯ ಬಳಿಕ ನಕ್ಷೆ ಬದಲಾದರೆ ತಿದ್ದುಪಡಿಯ ವೆಚ್ಚ ಯಾರದು, ಡೈಯ ಒಡೆತನ ಯಾರದು ಎಂಬುದನ್ನು ಖರೀದಿ ಆದೇಶದಲ್ಲೇ ನಮೂದಿಸಿಕೊಳ್ಳಬೇಕು. ಬಾಯಿಮಾತಿನ ವ್ಯವಹಾರದಲ್ಲಿ ಈ ಹೊರೆ ಸಾಮಾನ್ಯವಾಗಿ ಸಣ್ಣ ತಯಾರಕನ ಹೆಗಲಿಗೇ ಬೀಳುತ್ತದೆ.

ಇದಕ್ಕೆಲ್ಲ ಭಾರಿ ಬಂಡವಾಳ ಬೇಕಿಲ್ಲ. ಫ್ರೀಕ್ಯಾಡ್‌ನಂತಹ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹರಿಹರದಲ್ಲಿಯೂ ಕೇಂದ್ರವನ್ನು ಹೊಂದಿದೆ. ಘಟಕದ ಒಬ್ಬ ಯುವಕನನ್ನಾದರೂ ಈ ವಿದ್ಯೆಯಲ್ಲಿ ತರಬೇತುಗೊಳಿಸಿ, ಅನುಭವಿ ಫಿಟ್ಟರ್ ಜೊತೆ ಕೂರಿಸಿದರೆ ಕೈಯ ಅನುಭವವೂ ಗಣಕದ ಲೆಕ್ಕವೂ ಒಂದುಗೂಡುತ್ತವೆ. ಉಕ್ಕಿಗೆ ಹಣ ಹಾಕುವ ಮುನ್ನ ಲೆಕ್ಕಕ್ಕೆ ಸಮಯ ಕೊಡುವ ಪದ್ಧತಿಯನ್ನು ನಮ್ಮ ಉದ್ಯಮಿ ಬಾಂಧವರು ರೂಢಿಸಿಕೊಳ್ಳಲೆಂದು ಆಶಿಸೋಣ.